ಸಾಕು ಅಂದವರು

ಕ್ಷಮಾವಾಣಿಯ ದಿನ ಜುಗೂಳದ ಜೈನ ಮನೆಗಳಲ್ಲಿ ಕ್ಷಮೆಗೇನೂ ಬರವಿಲ್ಲ. ಬೆಳಗಾಗುವಷ್ಟರಲ್ಲಿ ಫೋನಿನ ತುಂಬ ಕೈಮುಗಿದ ಚಿತ್ರಗಳು ಬಂದು ಬೀಳುತ್ತವೆ. ‘ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ’ ಎಂದು ಒಬ್ಬ ಬರೆದದ್ದನ್ನು ನೂರು ಜನ ನೂರು ಜನಕ್ಕೆ ದೂಡುತ್ತಾರೆ. ಧನಪಾಲನೂ ದೂಡಿದ. ಬಸದಿಗೆ ಹೋಗಿ ಬರುವಾಗ, ಐದು ವರ್ಷದಿಂದ ಬದುವಿನ ಜಗಳವಿದ್ದ ದಾಯಾದಿಯ ಕೈಯನ್ನೂ ಹಿಡಿದು ಬಂದ. ಮನಸ್ಸು ಹಗುರಾಗಿ ನಾಷ್ಟಾಕ್ಕೆ ಕೂತವನಿಗೆ ಹೆಂಡತಿ ಕಾಶಿಬಾಯಿ ಅವಲಕ್ಕಿ ಬಡಿಸುತ್ತಲೇ ಕೇಳಿದಳು.

“ದಸ್ತಗೀರಗ ಕೇಳಿದ್ರೇನು?”

ಧನಪಾಲ ಇನ್ನೊಂದಿಷ್ಟು ಹಾಕು ಎಂದು ತಟ್ಟೆ ಮುಂದೆ ಮಾಡಿದ.

ದಸ್ತಗೀರ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವವನು. ಕುಡಚಿಯಿಂದ ಬಂದು ಹನ್ನೆರಡು ವರ್ಷ. ಈ ಬೇಸಿಗೆಯಲ್ಲಿ ಕೃಷ್ಣೆಯ ದಂಡೆಯ ಪಂಪ್‌ಸೆಟ್ಟುಗಳ ಕೇಬಲ್ ಕಳುವಾಗತೊಡಗಿತು. ಧನಪಾಲನದೇ ಮೂರು ಸಲ ಹೋಯಿತು. ಊರಿಗೆ ಊರೇ ಸಿಟ್ಟಿನಲ್ಲಿ ಕುದಿಯುತ್ತಿತ್ತು. ಕದ್ದ ತಾಮ್ರ ತಾಮ್ರದ ಅಂಗಡಿಗೇ ಬರಬೇಕಲ್ಲ ಎಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು. ಹೊಸದಾಗಿ ಬಂದಿದ್ದ ಪಿಎಸ್‌ಐ ಸಾಹೇಬರು ದಸ್ತಗೀರನನ್ನು ಅಂಗಡಿಯಿಂದ ಎಳೆದು ನಡುಬೀದಿಯಲ್ಲಿ ಲಾಠಿಯಿಂದ ಬಾರಿಸಿದರು. ಊರು ಸುತ್ತುಗಟ್ಟಿ ನಿಂತು ವಿಡಿಯೊ ಮಾಡಿತು. ಹುಳ ಸತ್ತೀತೆಂದು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಧನಪಾಲ ಆಗ, “ಇನ್ನೆರಡ ಹಾಕ್ರಿ ಸಾಹೇಬ್ರ” ಎಂದಿದ್ದ. ಸಾಹೇಬರು ಹಾಕಿದರು.

ಹದಿನೈದು ದಿನಕ್ಕೆ ಗಡಿಯಾಚೆ ಮಹಾರಾಷ್ಟ್ರದಲ್ಲಿ ಕಳ್ಳರು ಸಿಕ್ಕರು. ಜುಗೂಳದ ಕೇಬಲ್ ಕದ್ದವರೂ ತಾವೇ ಎಂದು ಒಪ್ಪಿದರು. ಅವರಿಗೂ ದಸ್ತಗೀರನಿಗೂ ಮುಖಪರಿಚಯ ಕೂಡ ಇರಲಿಲ್ಲ. ಊರಿಗೆ ನಾಚಿಕೆಯಾಗಬೇಕಿತ್ತಲ್ಲ? ಎಲ್ಲಿಯ ನಾಚಿಕೆ! ಆ ಹೊಡೆತಕ್ಕಾಗಿ ಪಿಎಸ್‌ಐಗೆ ಶಾಲು ಹೊದಿಸಿದ್ದ ತುಕಾರಾಮ ಚಹದಂಗಡಿಯಲ್ಲಿ ಕೂತು, “ಏಟು ತಪ್ಪಿರಬಹುದು, ಹೆದರಿಕಿ ತಪ್ಪಿಲ್ಲ. ಈಗ ಯಾರರ ಕೇಬಲ್ ಮುಟ್ಟಲಿ ನೋಡೂಣು” ಎಂದ. ಎಲ್ಲರೂ ಹೌದ್ಹೌದು ಎಂದರು. ಧನಪಾಲನೂ ಎಂದ. ಯಾಕೆ ಎಂದೆ ಎಂಬುದು ಮನೆಗೆ ಬಂದ ಮೇಲೆ ಅವನಿಗೇ ತಿಳಿಯಲಿಲ್ಲ. ಕಳ್ಳನಿಗೆ ಬಿದ್ದರೆ ಸರಿ, ಕಳ್ಳನಲ್ಲದವನಿಗೆ ಬಿದ್ದರೆ ತಪ್ಪು. ಆದರೆ ಹೊಡೆಯುವ ಹೊತ್ತಿಗೆ ಅವನು ಯಾರೆಂದು ಯಾರಿಗೆ ಗೊತ್ತಿತ್ತು? ಇಲ್ಲಿಗೆ ಬಂದರೆ ತಲೆ ಗಿರ್ರೆನ್ನುತ್ತಿತ್ತು. ನಾಲ್ಕು ತಿಂಗಳು ಅವನು ಆ ಅಂಗಡಿಯ ಮುಂದೆ ಹಾಯಲಿಲ್ಲ.

ಇಂದು ಹೋದ. ದಸ್ತಗೀರ ಮೋಟರಿಗೆ ತಂತಿ ಸುತ್ತುತ್ತಿದ್ದ. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

“ತಿಳಿದೋ ತಿಳಿಯದೆಯೋ...” ಎಂದು ಧನಪಾಲ ಕೈಮುಗಿದು ಶುರುಮಾಡಿದ.

ದಸ್ತಗೀರ ಗಡಬಡಿಸಿ ಎದ್ದ. “ಅಣ್ಣಾರ, ನೀವ್ಯಾಕ ಕೈ ಮುಗೀತೀರಿ? ನಾ ನಿಮಗ ಮುಗೀಬೇಕು. ಅವತ್ತ ಕಿವಿ ಗುಂಯ್ ಅಂತಿತ್ತು, ಯಾರ ಮಾತೂ ಕೇಳಸ್ಲಿಲ್ಲ. ಆದ್ರ ಹೊಡಿಯೂದು ಒಮ್ಮೆಲೆ ನಿಂತ್ತು. ಯಾರೋ ಸಾಕ ಬಿಡ್ರಿ ಅಂದಿರಬೇಕಲ್ರಿ? ನೀವ ಇರಬೇಕು. ಇಷ್ಟ ಮಂದ್ಯಾಗ ಬ್ಯಾರೆ ಯಾರ ಅಂತಾರ?”

“ವಿಡಿಯೊ ನೋಡಿಲ್ಲೇನು ನೀ?”

“ನನ್ನ ಮಾರಿ ನಾ ಹೆಂಗ ನೋಡ್ಲಿರಿ ಅದರಾಗ? ನನ್ನ ಹೇಣ್ತಿ ತಾಜಬಿ ದಿನಾ ಕುಡಚಿಗೆ ಹೋಗೂಣು ಅಂತ ಅಳ್ತಾಳ. ನಾನ ತಡದೀನಿ. ಸಾಕು ಅನ್ನಾವ ಒಬ್ಬನರ ಇದ್ದಾನ, ಅಂಥಾ ಊರ ಬಿಡಬಾರದು ಅಂತ ಹೇಳೀನಿ.”

ಧನಪಾಲ ಸುಮ್ಮನಿದ್ದರೆ ಚಹಾ ಕುಡಿದು, ಪುಣ್ಯ ಕಟ್ಟಿಕೊಂಡು ಮನೆಗೆ ಹೋಗಬಹುದಿತ್ತು. ಆ ಆಸೆ ಅವನಿಗೆ ಆಗಲಿಲ್ಲ ಎಂದರೆ ಸುಳ್ಳಾದೀತು.

“ನಾ ಅಲ್ಲೋ ದಸ್ತಗೀರ,” ಎಂದ ಕೊನೆಗೆ. “ನಾ ಇನ್ನೆರಡ ಹಾಕ್ರಿ ಅಂದಾಂವ.”

ದಸ್ತಗೀರ ಕೈಯಲ್ಲಿದ್ದ ತಂತಿಯನ್ನು ಮೋಟರಿನ ಮೇಲಿಟ್ಟ. ಬೈದಿದ್ದರೆ ಧನಪಾಲನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಕಳ್ಳ ಅಂತ ತಿಳದ ಅಂದೀರಿ,” ಎಂದ ದಸ್ತಗೀರ. “ನನ್ನ ಜಾಗಾದಾಗ ಬ್ಯಾರೆಯವ ಬಿದ್ದಿದ್ರ ನಾನೂ ಅಂತಿದ್ದೆ ಏನೋ.”

ಇದು ಕ್ಷಮೆಯೋ, ಕೆನ್ನೆಗೆ ಬಿದ್ದ ಏಟೋ? ಧನಪಾಲನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ದಸ್ತಗೀರ ಮತ್ತೆ ಕೇಳಿದ.

“ಹಂಗಾರ ಸಾಕು ಅಂದಾವ್ರ ಯಾರ್ರಿ?”

ಧನಪಾಲ ಆ ದಿನದ ಮುಖಗಳನ್ನೆಲ್ಲ ಒಂದೊಂದಾಗಿ ನೆನೆದ. ನೆಂಟರು, ಭಾವಿಕರು, ದಿನಾ ರಾಮ್ ರಾಮ್ ಎನ್ನುವವರು. ಯಾರೂ ಅಂದಿರಲಿಲ್ಲ. ಸಾಹೇಬರಿಗೆ ಫೋನ್ ಬಂದಿತ್ತು. ಲಾಠಿಯನ್ನು ಕಂಕುಳಲ್ಲಿಟ್ಟುಕೊಂಡು ಮಾತಾಡುತ್ತ ಜೀಪಿನ ಕಡೆ ಹೋಗಿದ್ದರು. ಅಷ್ಟೇ.

“ಅಂದ್ರು... ಹಿಂದ ನಿಂತಾವ್ರು ಯಾರೋ,” ಎಂದ ಧನಪಾಲ. “ನಾ ಮಾರಿ ನೋಡಲಿಲ್ಲ.”

ದಸ್ತಗೀರನ ಮುಖ ಅರಳಿತು. “ನೋಡ್ರಿ ಮತ್ತ! ಅಂದಿದ್ದು ಖರೇ.” ಕೈಯೊರೆಸಿಕೊಂಡು, ಸರಿಯಿದ್ದ ಕೈಯಿಂದ ಶಟರ್ ಎಳೆದ. “ಇವತ್ತ ಎಲ್ಲಾರೂ ಮನಿಯಾಗ ಇರ್ತಾರ. ಒಂದೊಂದ ಮನಿಗೆ ಹೋಗಿ ಕೇಳತೀನಿ, ಅವರ ಕಾಲ ಹಿಡೀಬೇಕು ನಾ. ಹಿಂದ ಯಾರ್ಯಾರು ನಿಂತಿದ್ರು ನಿಮಗ ಗೊತ್ತಿರತೈತಿ. ಬರ್ರಿ, ಮೊದಲ ತುಕಾರಾಮನ ಮನಿಗೆ ಹೋಗೂಣು.”

ಧನಪಾಲ ಅವನ ಹಿಂದೆ ನಡೆದ.