ದರ್ಜಿ ತಾತನ ಅಯೋಡಿನ್ ಪರೀಕ್ಷೆ

"ಏಳೆಂಟಲ ಎಷ್ಟೇ?" ಎಂದರೆ ಗುಬ್ಬಿ "ಎಪ್ಪತ್ತೆಂಟು" ಎನ್ನುತ್ತಿದ್ದಳು, ಅದೂ ಎಳ್ಳಷ್ಟೂ ಅನುಮಾನವಿಲ್ಲದೆ. ಅವಳ ತಾತ ದರ್ಜಿ. ಮೊಮ್ಮಗಳ ಉತ್ತರ ಕೇಳಿದಾಗಲೆಲ್ಲ ಅವನಿಗೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು.

ಶಾಲೆಯ ಸಭೆಯಲ್ಲಿ ನರ್ಸಮ್ಮ ಚಿಟಿಕೆ ಉಪ್ಪಿನ ಮೇಲೆ ಪುಟ್ಟ ಬಾಟಲಿಯಿಂದ ಒಂದು ಹನಿ ಬಿಟ್ಟರು. ಉಪ್ಪು ನೀಲಿಯಾಯಿತು. "ನೋಡಿ, ಇದರಲ್ಲಿ ಅಯೋಡಿನ್ ಇದೆ. ಅದು ಸಾಲದೆ ಹೋದ್ರೆ ಮಕ್ಕಳ ಮೆದುಳು ಸರಿಯಾಗಿ ಬೆಳೆಯಲ್ಲ" ಎಂದರು. ಹಿಂದಿನ ಬೆಂಚಿನಲ್ಲಿದ್ದ ತಾತ ಅರ್ಧ ಕೇಳಿ, ಅರ್ಧ ತೂಕಡಿಸಿ, ಪೂರ್ತಿ ಅರ್ಥವಾದವನಂತೆ ಎದ್ದು ಬಂದ. ತಲೆಯಲ್ಲಿ ಉಳಿದದ್ದು ಇಷ್ಟೇ: ನೀಲಿಯಾದರೆ ಬುದ್ಧಿ.

ಮನೆಯಲ್ಲಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಇತ್ತು. ತಟ್ಟೆಯಲ್ಲಿ ಚೂರು ಉಪ್ಪು ಹಾಕಿ ಅದರ ಹನಿ ಬಿಟ್ಟ. ಉಪ್ಪು ಬರೀ ಕಂದುಬಣ್ಣವಾಯಿತು. "ಕೆಟ್ಟೆವಲ್ಲಪ್ಪ!" ಎಂದು ತಲೆಯ ಮೇಲೆ ಕೈಹೊತ್ತ. ಪಕ್ಕದಲ್ಲಿದ್ದ ಆಲೂಗಡ್ಡೆ ಹೋಳಿನ ಮೇಲೆ ಬಿಟ್ಟ. ಕಡುನೀಲಿ!

"ಏನಮ್ಮಾ," ಎಂದು ಸೊಸೆಯನ್ನು ಕರೆದ, "ಉಪ್ಪು ಆಚೆಗಿಡು. ಇನ್ಮೇಲೆ ಮಗೂಗೆ ಬರೀ ಆಲೂಗಡ್ಡೆ."

"ಉಪ್ಪಿಲ್ದೆ ಯಾರು ತಿಂತಾರೆ ಮಾವ?"

"ಬುದ್ಧಿ ಬೇಕಾದವರು ತಿಂತಾರೆ."

ಎರಡು ಹೊತ್ತು ತಿಂದ ಗುಬ್ಬಿ "ಏಳೆಂಟಲ ಆಲೂಗಡ್ಡೆ!" ಎಂದು ಗೊಳೋ ಎಂದಳು.

ಉಮೇದು ಹತ್ತಿದ ತಾತ ಬಾಟಲಿಯನ್ನು ಅಂಗಡಿಗೂ ಒಯ್ದ. ಗುಂಡಿ ಹೊಲಿಯಲೆಂದು ಗಣಿತದ ಮೇಷ್ಟ್ರು ಕೊಟ್ಟುಹೋಗಿದ್ದ ಬಿಳಿ ಅಂಗಿ ಗಂಜಿ ಕುಡಿದು ಹಲಗೆಯಂತಿತ್ತು. ನೋಡೇಬಿಡೋಣ ಎಂದು ಕಾಲರಿಗೆ ಒಂದು ಹನಿ. ನೀಲಿ ಅಂದರೆ ನೀಲಿ!

"ಅಬ್ಬಬ್ಬಾ, ಬುದ್ಧಿ ಕತ್ತಿನವರೆಗೂ ಸೋರಿದೆ!"

ಅಂಗಿಯನ್ನು ಸಂಜೆಯೇ ಕೊಡಬೇಕು ಎಂಬುದು ಆಮೇಲೆ ನೆನಪಾಯಿತು. ಸೋಪು ಹಾಕಿ ಉಜ್ಜುತ್ತ ಬೆವರುತ್ತಿದ್ದಾಗ ನರ್ಸಮ್ಮ ತಮ್ಮ ಕೋಟು ಒಯ್ಯಲು ಬಂದರು. ಕಥೆ ಕೇಳಿ ನಕ್ಕು ನಕ್ಕು ಬಟ್ಟೆಯ ಗಂಟಿನ ಮೇಲೆ ಕುಸಿದರು.

"ಅಯ್ಯೋ ತಾತ! ನನ್ನ ಬಾಟಲೀಲಿರೋದು ಗಂಜಿ ಬೆರೆಸಿದ ಔಷಧಿ, ಅದು ಅಯೋಡಿನ್ ಹುಡುಕುತ್ತೆ. ನಿಮ್ಮದರಲ್ಲಿರೋದೇ ಅಯೋಡಿನ್, ಅದು ಗಂಜಿ ಹುಡುಕುತ್ತೆ. ಆಲೂಗಡ್ಡೇಲೂ ಗಂಜಿ, ಕಾಲರಲ್ಲೂ ಗಂಜಿ!"

"ಹಾಗಾದ್ರೆ ನಮ್ಮ ಉಪ್ಪು?"

ಅಂಗಡಿಯ ಹಿಂದೆಯೇ ಮನೆ. ಸೊಸೆ ಡಬ್ಬಿ ತಂದಳು. ನರ್ಸಮ್ಮ ಚೀಲದಿಂದ ತಮ್ಮ ಬಾಟಲಿ ತೆಗೆದು ಹನಿ ಬಿಟ್ಟದ್ದೇ ಉಪ್ಪು ನೀಲಿಗೆ ತಿರುಗಿತು.

"ಒಳ್ಳೇ ಉಪ್ಪು. ಡಬ್ಬಿ ಮುಚ್ಚಿಡಿ, ಹಿತಮಿತವಾಗಿ ಬಳಸಿ. ಜಾಸ್ತಿ ಹಾಕಿದ್ರೆ ಜಾಸ್ತಿ ಬುದ್ಧಿ ಬರಲ್ಲ. ಮಗ್ಗಿ ಮಾತ್ರ ಕೂತು ಕಲಿಸ್ಬೇಕು."

ತಾತನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ನರ್ಸಮ್ಮ ಹೇಳಿದಂತೆ ಕಾಲರಿಗೆ ನಿಂಬೆರಸ ತಿಕ್ಕಿದ, ನೀಲಿ ಮಾಯವಾಯಿತು. ಒಗೆದು, ಇಸ್ತ್ರಿ ಹೊಡೆದು ಮುಗಿಸುವಷ್ಟರಲ್ಲಿ ಮೇಷ್ಟ್ರು ಹಾಜರು. ಅಂಗಿ ತೊಟ್ಟು ಮೂಗರಳಿಸಿದರು.

"ಏನಿದು, ನಿಂಬೆಹಣ್ಣಿನ ವಾಸನೆ?"

"ಹೊಸ ಫ್ಯಾಶನ್ನು ಮೇಷ್ಟ್ರೇ," ಎಂದ ತಾತ, ಮುಖ ಗಂಭೀರ ಮಾಡಿಕೊಂಡು.

ಮರುದಿನ ಇನ್ನಿಬ್ಬರು ಮೇಷ್ಟ್ರು ಅದೇ ಫ್ಯಾಶನ್ ಬೇಕೆಂದು ಅಂಗಿ ಹಿಡಿದು ಬಂದು ನಿಂತರು.