ಎಂದಿನಂತೆ ಎಡಗೈ ಎತ್ತಿ

ನೇರಳೆ ಬಣ್ಣದ ಕಾಗದದ ಸುರುಳಿ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಬಂದು ತಮಾಕಿಯ ಎಡ ಅಂಗೈ ನಡುವೆಯೇ ಬಿತ್ತು, ಯಾರೋ ಇಟ್ಟ ಹಾಗೆ, ಬೆರಳುಗಳು ಮಾತ್ರ ಮುಚ್ಚಲಿಲ್ಲ, ಸುರುಳಿ ಒಂದು ಗಳಿಗೆ ಅಲ್ಲೇ ಕೂತು ಕಿರುಬೆರಳಿನ ಪಕ್ಕದಿಂದ ಜಾರಿ ಕೆಳಗೆ ಹೋಯಿತು — ಬೆವರಿರಬಹುದು, ಜಾರಿತು ಅಷ್ಟೆ, ಎಂದುಕೊಳ್ಳುತ್ತೇನೆ, ಆದರೆ ಕುಸ್ತಿ ಇನ್ನೂ ಶುರುವೇ ಆಗಿಲ್ಲ, ಬೆವರು ಎಲ್ಲಿಂದ ಬರಬೇಕು, ರಿಂಗಿನಲ್ಲಿ ಹೆಸರು ಕೂಗುವುದು, ಅಭಿಮಾನಿಗಳು ಅವಳ ಬಣ್ಣದ ಸುರುಳಿ ಎಸೆಯುವುದು, ಮೊದಲು ಬಂದದ್ದನ್ನು ಅವಳು ಎಡಗೈಯಲ್ಲಿ ಗಪ್ಪನೆ ಹಿಡಿದು ಮುಷ್ಟಿ ಎತ್ತುವುದು, ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ಇದು ಹೀಗೇ, ನಾನೇ ಎಷ್ಟು ಸಲ ಬರೆದಿದ್ದೇನೆ, ಎಂದಿನಂತೆ ಎಡಗೈ ಮುಷ್ಟಿ ಎತ್ತಿ ಒರಿಹಾರಾ ತಮಾಕಿ ರಿಂಗಿನಲ್ಲಿ ನಿಂತರು, ಪತ್ರಿಕೆಗೆ ಆ ಸಾಲು ಬರೆಯಲು ನನಗೆ ಯೋಚನೆಯೇ ಬೇಡ, ಬೆರಳುಗಳು ತಾವೇ ಬರೆದುಕೊಂಡು ಹೋಗುತ್ತವೆ — ಇವತ್ತು ಅವಳು ಬಲಗೈ ಎತ್ತಿದಳು, ಚಪ್ಪಾಳೆ ಬಿತ್ತು, ಯಾರಿಗೂ ಏನೂ ಅನ್ನಿಸಲಿಲ್ಲ. ಹಿಂದೆಲ್ಲ ನೇರಳೆ ಬಣ್ಣ ಜಡಿಮಳೆಯ ಹಾಗೆ ಸುರಿಯುತ್ತಿತ್ತು, ಅವಳ ಕಾಲೇ ಕಾಣುತ್ತಿರಲಿಲ್ಲ, ಈಗ ಎಸೆಯುವವರು ಯಾಗಿ-ಸಾನ್ ಒಬ್ಬರೇ, ಬಸ್ಸು ಓಡಿಸಿ ನಿವೃತ್ತರಾದವರು, ಮನೆಯಲ್ಲಿ ಕೂತು ಪ್ರತಿಯೊಂದು ಸುರುಳಿಯ ನಡುವಿನ ಗಟ್ಟಿ ರಟ್ಟನ್ನು ಇಕ್ಕಳದಿಂದ ಎಳೆದು ತೆಗೆದು, ಯಾರ ಕಣ್ಣಿಗೂ ಬಡಿಯಬಾರದೆಂದು ಮತ್ತೆ ಸಡಿಲವಾಗಿ ಸುತ್ತಿಕೊಂಡು ತರುತ್ತಾರೆ, ನನ್ನೆದುರು ಹೇಳಿಕೊಳ್ಳುತ್ತಾರೆ, ನನ್ನ ಹೆಂಡ್ತಿ ಬೈತಾಳೆ ಸುಗಿನೊ-ಸಾನ್, ಮನೇಲಿ ಒಂದು ಮೊಳೆ ಹೊಡಿಯೋಕೆ ಬರಲ್ಲ, ಇದಕ್ಕೆ ಮಾತ್ರ ಅಕ್ಕಸಾಲಿಗನ ಕೈ ನಿಮ್ದು ಅಂತ — ಈಗ ಅವರು ತಮ್ಮ ಕೈಯಲ್ಲಿ ಉಳಿದ ಸುರುಳಿಯ ತುದಿಯನ್ನು ನೋಡುತ್ತಿದ್ದಾರೆ, ತಾನೇ ತಪ್ಪಾಗಿ ಎಸೆದೆ ಎಂದುಕೊಂಡಿದ್ದಾರೆ, ಪಾಪ. ತಮಾಕಿಯ ಈ ಮುಚ್ಚದ ಕೈಯನ್ನು ನಾನು ಬಲ್ಲೆ. ಅಮ್ಮನ ಕೊನೆಯ ಚಳಿಗಾಲದಲ್ಲಿ ಅವಳ ಅಂಗೈಗೆ ಸುಲಿದ ಕಿತ್ತಳೆ ಇಟ್ಟು, ಹಿಡ್ಕೋ ಅಮ್ಮಾ ಅಂದರೆ, ಹಿಡ್ಕೊಂಡಿದೀನಲ್ಲ ಅಂದಳು ಅಮ್ಮ, ನಗುತ್ತ, ಹಣ್ಣು ಆಗಲೇ ಮಂಚದ ಕೆಳಗೆ ಉರುಳಿತ್ತು.

ಗಂಟೆ ಹೊಡೆಯಿತು, ಬರೆಯಬೇಕು, ಬರೆಯಲು ಬಂದವಳು ನಾನು, ವಾರಾಬಿ ಊರಿನ ಈ ಹಳೆಯ ಕಟ್ಟಡದ ಎರಡನೇ ಮಹಡಿ, ಕೆಳಗೆ ತರಕಾರಿ ಅಂಗಡಿ, ಮೇಲೆ ನಾವು, ಮಡಚುವ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಖಾಲಿ, ನೋವಿಗೆ ಅಂಟಿಸುವ ಪಟ್ಟಿಯ ವಾಸನೆ, ಕುಸ್ತಿ ಕಂಪನಿಯ ಯಜಮಾನಿ ಕುವಾತಾ-ಸಾನ್ ಬಾಗಿಲಲ್ಲಿ ತಾನೇ ಟಿಕೆಟ್ ಹರಿಯುತ್ತ, ಚೆನ್ನಾಗಿ ಬರೀರಿ ಸುಗಿನೊ-ಸಾನ್, ಮುಂದಿನ ತಿಂಗಳು ಆ ದೊಡ್ಡ ಹಾಲ್ ತುಂಬದಿದ್ರೆ ನಾನು ತಮ್ಮನ ಅಂಗಡೀಲಿ ಮೀನು ಹೆರೀಬೇಕಾಗುತ್ತೆ ಅಂದಳು, ನಕ್ಕಳು, ಕಣ್ಣು ನಗಲಿಲ್ಲ. ಮುಂದಿನ ತಿಂಗಳು ತಮಾಕಿಯ ಮೂವತ್ತನೇ ವರ್ಷದ ಪಂದ್ಯ, ಎದುರಾಳಿ ಇವತ್ತಿನ ಇದೇ ಹಿನಾನೊ, ಪೋಸ್ಟರ್ ಗೋಡೆಯ ಮೇಲಿದೆ, ರಿಂಗಿನ ಮೂಲೆಯ ಕಂಬದ ಮೇಲೆ ನಿಂತು ಹಿನಾನೊ ತಮಾಕಿಯನ್ನು ತಲೆಕೆಳಗಾಗಿ ಎತ್ತಿದ್ದಾಳೆ, ಅಲ್ಲಿಂದ ಹಿಂದಕ್ಕೆ ಎಸೆಯುತ್ತಾಳೆ, ಜನ ಅದನ್ನು ನೋಡಲೆಂದೇ ಬರುತ್ತಾರೆ — ಗಲ್ಲ ಎದೆಗೆ, ಎರಡೂ ಕೈ ನೆಲಕ್ಕೆ! ಹದಿನಾರನೇ ವಯಸ್ಸಿನಲ್ಲಿ ಕುಸ್ತಿ ಕಲಿಯಲು ಸೇರಿದ ತಮಾಕಿಗೂ ನನಗೂ ಗುರುಗಳು ಇದೊಂದನ್ನೇ ಅರಚುತ್ತಿದ್ದರು, ಬೆಳಿಗ್ಗೆಯಿಂದ ಸಂಜೆಯವರೆಗೆ ಬೀಳುವುದೇ ಪಾಠ, ಎರಡೂ ಕೈಯಿಂದ ನೆಲವನ್ನು ಬಡಿದರೆ ಪೆಟ್ಟು ಕೈಗೆ ಹಂಚಿಹೋಗುತ್ತೆ, ಬಡಿಯದಿದ್ರೆ ಕತ್ತಿಗೆ, ಕತ್ತು ಒಂದೇ ಇರೋದು ಕತ್ತೆಗಳಾ — ಹಿರಿಯರ ಬಟ್ಟೆ ಒಗೆದು, ಅನ್ನ ಬೇಯಿಸಿ, ಸೀದ ತಳವನ್ನು ನಾವಿಬ್ಬರೂ ಕೆರೆದು ತಿಂದು, ಆಮೇಲೆ ನನ್ನ ಮೊಣಕಾಲು ಹೋಯಿತು, ಬಸ್ ಸ್ಟಾಪಿನವರೆಗೆ ನನ್ನ ಚೀಲ ಹೊತ್ತು ಬಂದವಳು ಅವಳೊಬ್ಬಳೇ, ಅಳಬೇಡ ಕಣೇ ಫುಮಿ, ನೀನು ಬರೆಯೋಳಾಗು, ನನ್ನ ಬಗ್ಗೆ ಬರಿ, ಸುಳ್ಳಾದ್ರೂ ಪರವಾಗಿಲ್ಲ, ಚೆನ್ನಾಗಿ ಬರಿ. ಏ ಅಜ್ಜೀ, ಮೊಣಕಾಲಿಗೆ ಎಣ್ಣೆ ಹಾಕಿದ್ಯಾ? — ಹಿಂದಿನ ಸಾಲಿನಿಂದ ಒಬ್ಬ ಕೂಗಿದ, ತಮಾಕಿ ಹಿನಾನೊಳ ಜುಟ್ಟು ಹಿಡಿದುಕೊಂಡೇ ಹಗ್ಗದ ಹತ್ತಿರ ಬಂದಳು, ಹೆಂಡ್ತೀನ ಕರ್ಕೊಂಡ್ ಬಾರೋ, ಇಬ್ರನ್ನೂ ಎತ್ತಿ ತೋರಿಸ್ತೀನಿ, ಅವಳು ಬಿಟ್ಟುಹೋದ್ಲು ಅಜ್ಜೀ, ಹಾಗಾದ್ರೆ ಬುದ್ಧಿವಂತೆ ಬಿಡು! — ಖಾಲಿ ಕುರ್ಚಿಗಳೂ ನಕ್ಕ ಹಾಗಾಯಿತು, ನಾನೂ ನಕ್ಕೆ, ಜುಟ್ಟು ಹಿಡಿದದ್ದು ಬಲಗೈ. ಹೊಡೆದದ್ದು ಬಲಗೈ. ಹಗ್ಗ ಹಿಡಿದದ್ದು ಬಲಗೈ. ಒಮ್ಮೆ ಹಿನಾನೊ ಅವಳನ್ನು ಸೊಂಟದೆತ್ತರಕ್ಕೆ ಎತ್ತಿ ಕೆಡವಿದಳು, ಸಾಮಾನ್ಯ ಪಟ್ಟು, ಹೊಸಬರೂ ತಡೆದುಕೊಳ್ಳುವಂಥದ್ದು, ಎರಡು ಸದ್ದು ಒಟ್ಟಿಗೆ ಬರಬೇಕಾದ ಕಡೆ ಒಂದೇ ಸದ್ದು ಬಂತು, ಒಂದೇ ಅಂಗೈಯ ಸದ್ದು, ಅದರ ಹಿಂದೆ ತಲೆಯ ಹಿಂಭಾಗ ತಾಗಿದ ಮೆತ್ತನೆ ಸದ್ದು. ಕೊನೆಗೆ ತಮಾಕಿ ಹಿಂದಿನಿಂದ ಹಿನಾನೊಳ ಕತ್ತಿಗೆ ತೋಳು ಸುತ್ತಿದಳು, ಜನ ಅವಳ ಹೆಸರಿನಿಂದಲೇ ಕರೆಯುವ ಪಟ್ಟು, ಎಡತೋಳು ಕತ್ತಿನ ಮೇಲೆ, ಎಡಗೈ ಬಲತೋಳನ್ನು ಕಚ್ಚಿ ಹಿಡಿದು ಬೀಗ ಹಾಕಬೇಕು — ಬೀಗ ಬೀಳಲಿಲ್ಲ, ಎಡಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು, ಆಗ ನೋಡಿದೆ, ಹಿನಾನೊ, ಆ ಇಪ್ಪತ್ತರ ಹುಡುಗಿ, ಬಿಡಿಸಿಕೊಳ್ಳುವವಳ ಹಾಗೆ ಒದ್ದಾಡುತ್ತ, ಆ ಜೋತ ಕೈಯ ಮಣಿಕಟ್ಟನ್ನು ತನ್ನೆರಡು ಕೈಯಿಂದ ಹಿಡಿದು ತನ್ನ ಕತ್ತಿಗೇ ಒತ್ತಿಕೊಂಡಳು, ತನಗೆ ತಾನೇ ಬೀಗ ಹಾಕಿಕೊಂಡಳು, ಸ್ವಲ್ಪ ಹೊತ್ತು ಹಾಗೇ ಇದ್ದು, ಒಂದು ಕೈ ಬಿಟ್ಟು ನೆಲ ಬಡಿದು ಸೋಲೊಪ್ಪಿಕೊಂಡಳು. ಗಂಟೆ. ಚಪ್ಪಾಳೆ. ಅಜ್ಜಿ ಇನ್ನೂ ಗಟ್ಟಿ ಕಣ್ರೋ, ಎಂದ ಹಿಂದಿನ ಸಾಲಿನವನು, ನಿಜವಾದ ಪ್ರೀತಿಯಿಂದ.

ಮೆಟ್ಟಿಲ ಬಳಿ ಹಿನಾನೊ ಕಾದಿದ್ದಳು, ಕತ್ತಿಗೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು, ಸೋತವಳು ಹಾಗೆ ಒತ್ತಿಕೊಳ್ಳಲೇಬೇಕು, ಯಾರಾದರೂ ನೋಡಿದರೆ ಎಂದು, ಬಗ್ಗಿ ನಮಸ್ಕರಿಸಿದಳು, ಸುಗಿನೊ-ಸಾನ್, ನೀವು ನೋಡಿದ್ರಿ ಅಲ್ವಾ — ಏನನ್ನ ಎಂದೆ ನಾನು, ಎಷ್ಟು ಸುಲಭವಾಗಿ ಬಂತು ಆ ಮಾತು ಬಾಯಿಗೆ — ನಾನು ತಮಾಕಿ-ಸಾನ್ ಎಡಗೈ ಬೆರಳು ಒತ್ತಿದೆ, ಎಂದಳು, ನೆಲಕ್ಕೆ ಬಿದ್ದ ಮೇಲೆ ಒತ್ತುತ್ತೀವಲ್ಲ, ಸರಿ ಇದೀರಾ ಅಂತ, ಸರಿ ಇದ್ರೆ ಅವರೂ ವಾಪಸ್ ಒತ್ತಬೇಕು, ಒತ್ತಲಿಲ್ಲ, ಮತ್ತೆ ಒತ್ತಿದೆ, ಒತ್ತಲಿಲ್ಲ, ಕಿವೀಲಿ ಮಾತ್ರ ಹೇಳಿದ್ರು, ಮುಂದುವರಿಸು ಪೆದ್ದೀ ಅಂತ. ಮುಂದಿನ ತಿಂಗಳು ಕಂಬದ ಮೇಲಿಂದ ನಾನು ಅವರನ್ನ ಎಸೀಬೇಕು, ನನ್ನ ಕೈಯಿಂದ್ಲೇ — ಕುವಾತಾ-ಸಾನ್‌ಗೆ ಹೇಳು ಎಂದೆ. ನಾನು ಹೇಗೆ ಹೇಳ್ಲಿ, ಕಿರಿಯಳು, ಹಿರಿಯರ ಮೈ ಬಗ್ಗೆ ಕಿರಿಯರು ಬಾಯಿಬಿಡೋ ಹಾಗಿಲ್ಲ, ನಿಮಗೆ ಗೊತ್ತಲ್ಲ, ನೀವು ಬರೆದ್ರೆ ಎಲ್ಲರೂ ಓದ್ತಾರೆ, ಯಾರೂ ಹೇಳಿದ ಹಾಗಾಗಲ್ಲ, ಒಂದೇ ಒಂದು ಸಾಲು ಬರೀರಿ — ಮೇಲಿನಿಂದ ಯಾರೋ ಅವಳ ಹೆಸರು ಕೂಗಿದರು, ರಿಂಗ್ ಬಿಚ್ಚಬೇಕಿತ್ತು, ಬಂದೆ ಬಂದೆ ಎಂದು ಓಡಿದಳು, ಮಂಜುಗಡ್ಡೆಯ ಚೀಲ ಮೆಟ್ಟಿಲ ಮೇಲೇ ಉಳಿಯಿತು. ತಮಾಕಿ ಮೇಜಿನ ಹಿಂದೆ ನಿಂತು ಫೋಟೋ ಮಾರುತ್ತಿದ್ದಳು, ಯಾಗಿ-ಸಾನ್ ಪಕ್ಕದಲ್ಲಿ ನಿಂತು ಮುಷ್ಟಿ ಎತ್ತಿದರು, ಅವರು ಎಡಗೈ, ಅವಳು ಬಲಗೈ, ಇವತ್ತೇನು ಬಲಗೈ ಎಂದರು, ಎಡಗೈ ಯೂನಿಯನ್ ಸೇರಿದೆ ಯಾಗಿ-ಸಾನ್, ಭಾನುವಾರ ಕೆಲಸ ಮಾಡಲ್ವಂತೆ, ಓಹೋ ನಮ್ಮ ಬಸ್ಸಿನೋರೂ ಹಾಗೇ ಇದ್ರು ಬಿಡಿ — ಇಬ್ಬರೂ ಎಷ್ಟು ನಕ್ಕರು. ಜನ ಕರಗಿದ ಮೇಲೆ ಓಣಿಯ ನಾಣ್ಯ ಹಾಕುವ ಯಂತ್ರದಿಂದ ಚಹಾದ ಡಬ್ಬಿ ಕೊಂಡು ಅವಳ ಎಡಗೈ ಕಡೆಗೇ ಚಾಚಿದೆ, ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ನೀನು ಚಿಕ್ಕವಳಿದ್ದಾಗಿಂದಲೂ ಹೀಗೇ ಕೆಟ್ಟವಳು ಅಂದಳು, ಮುಚ್ಚಳ ನೀನೇ ತೆಗೆದುಕೊಡು, ಒಂದೇ ಕೈಲಿ ಆಗಲ್ಲ. ತೆಗೆದುಕೊಟ್ಟೆ. ಯಾವಾಗಿಂದ? ಮಳೆಗಾಲದಿಂದ, ಮೊದಲು ಜುಮುಜುಮು ಅಂತಿತ್ತು, ಈಗ ಅದೂ ಇಲ್ಲ, ಆರಾಮ. ಡಾಕ್ಟ್ರು? ಅವರೇನು ಹೇಳ್ತಾರೆ ಅಂತ ಗೊತ್ತು, ಅದಕ್ಕೇ ಹೋಗಿಲ್ಲ. ಕತ್ತು ಮುರಿಯುತ್ತೆ ತಮಾಕಿ — ಮೆಲ್ಲಗೆ ಮಾತಾಡೇ, ಆ ಮಗು ಹಿನಾನೊ ಕೇಳಿಸ್ಕೊಂಡ್ರೆ ಎಸೆಯುವಾಗ ಕೈ ನಡುಗುತ್ತೆ, ಆಗ ನಿಜವಾಗ್ಲೂ ಮುರಿಯುತ್ತೆ. ನಾನು ಬರೀತೀನಿ ಎಂದೆ. ಅವಳು ಚಹಾ ಕುಡಿದಳು, ನಿಧಾನವಾಗಿ, ಕೊನೆಯ ಗುಟುಕಿನವರೆಗೆ, ಬರೆದ್ರೆ ಇವತ್ತು ಸಾಯ್ತೀನಿ, ಬರೀದಿದ್ರೆ ಮುಂದಿನ ತಿಂಗಳು, ಮುಂದಿನ ತಿಂಗಳಿಗೆ ಟಿಕೆಟ್ ಮಾರಿದಾರೆ, ಅಷ್ಟೇ ವ್ಯತ್ಯಾಸ, ನಿನ್ನಿಷ್ಟ ಕಣೇ, ಬರೆಯೋಳು ನೀನು. ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟು ಹೋದಳು. ವಾರವೆಲ್ಲ ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ನಿಲ್ಲುತ್ತಾಳೆ, ಬಲಗೈ ಒಂದರಿಂದಲೇ ಹೇಗೆ ತುಂಬುತ್ತಾಳೋ ಕೇಳಲೂ ಇಲ್ಲ ನಾನು, ಡಬ್ಬಿಗಳ ಸಾಲು ಮುಂದೆ ಮುಂದೆ ಸರಿಯುತ್ತಿರುತ್ತದೆ, ಕಾಯುವುದಿಲ್ಲ.

ನಿಲ್ದಾಣದೆದುರಿನ ಕಾಫಿ ಅಂಗಡಿ, ಮೊಟ್ಟೆಯ ಸ್ಯಾಂಡ್‌ವಿಚ್ ಒಣಗುತ್ತಿದೆ, ಕಿಟಕಿಯಾಚೆ ಇನ್ನೂ ಬೆಳಕಿದೆ, ಸೈಕಲ್ಲುಗಳಲ್ಲಿ ತಾಯಂದಿರು, ಬುಟ್ಟಿಯಲ್ಲಿ ಈರುಳ್ಳಿ ಸೊಪ್ಪು ಹೂವಿನ ಕಟ್ಟಿನಂತೆ ತಲೆ ಹೊರಹಾಕಿದೆ, ಸಂಪಾದಕ ಅಜುಮಾ ಫೋನ್ ಮಾಡಿದ್ದಾನೆ, ಸುಗಿನೊ-ಸಾನ್, ಕತ್ತಲಾಗೋ ಮುಂಚೆ ಕಳಿಸಿಬಿಡಿ, ಅಂಗೈಯಗಲ ಜಾಗ ಅಷ್ಟೇ, ಫೋಟೋ ಬಂದಿದೆ, ಒರಿಹಾರಾ ಬಲಗೈ ಎತ್ತಿದಾರಲ್ಲ, ಚೌಕಟ್ಟಿಗೆ ಕೂರ್ತಿಲ್ಲ, ಕೈ ಕತ್ತರಿಸಿ ಮುಖ ಮಾತ್ರ ಹಾಕ್ತೀನಿ, ಪರವಾಗಿಲ್ವಾ — ಪರವಾಗಿಲ್ಲ ಎಂದೆ. ಬರೆಯುತ್ತೇನೆ, ಒರಿಹಾರಾ ಅವರ ಎಡಗೈಯಲ್ಲಿ — ಅಳಿಸಿದೆ. ಗೆಲುವು ಯಾರದೆಂದು ಮೊದಲೇ ಮಾತಾಗಿರುತ್ತದೆ, ಆದರೂ ಈ ವರದಿಗಳಲ್ಲಿ ಯಾರೂ ಯಾರಿಗೂ ಸಹಾಯ ಮಾಡುವುದಿಲ್ಲ, ಹೊಡೆಯುತ್ತಾರೆ, ಗೆಲ್ಲುತ್ತಾರೆ, ಸೋಲುತ್ತಾರೆ, ಬೆರಳು ಒತ್ತುವುದು ಎಂಬ ಮಾತು ಯಾವತ್ತೂ ಅಚ್ಚಾಗಿಲ್ಲ, ಅದನ್ನು ಬರೆದರೆ ಆ ಹುಡುಗಿ ತಾನಾಗಿ ಸೋತಳೆಂದು ಬರೆದ ಹಾಗೆ, ತಮಾಕಿ ಗೆಲ್ಲಲೇ ಇಲ್ಲವೆಂದು ಬರೆದ ಹಾಗೆ, ಯಾಗಿ-ಸಾನ್ ಅದನ್ನು ಹೆಂಡತಿಗೆ ಓದಿ ಹೇಳುತ್ತಾರೆ, ಕುವಾತಾ-ಸಾನ್ ಪೋಸ್ಟರ್ ಕೀಳುತ್ತಾಳೆ, ತಮಾಕಿ ಸೋಮವಾರವೂ ಭಾನುವಾರವೂ ಕಾರ್ಖಾನೆಯಲ್ಲಿ ನಿಂತಿರುತ್ತಾಳೆ, ಬದುಕಿರುತ್ತಾಳೆ, ಬದುಕಿ, ನನ್ನ ಮುಖ ನೋಡದೆ — ಬದುಕಿರಲಿ, ಬರಿ, ಒಂದೇ ಸಾಲು, ಆ ಮಗುವಿನ ಕೈ ಉಳಿಯುತ್ತದೆ, ತಮಾಕಿಯ ಕತ್ತು ಉಳಿಯುತ್ತದೆ, ಬರಿ ಫುಮಿ, ಎಡಗೈ ಎಂದು ಶುರುಮಾಡು, ಎಡಗೈ — ಸಭಾಂಗಣದಲ್ಲಿ ಸೆಕೆಯಿತ್ತು, ಎಂದು ಬರೆದೆ. ಯುವ ಹಿನಾನೊ ಧೈರ್ಯದಿಂದ ಹೋರಾಡಿದರು, ಎಂದು ಬರೆದೆ, ಇದು ಸುಳ್ಳಲ್ಲ, ಇದರಷ್ಟು ನಿಜವಾದ ಸಾಲನ್ನು ನಾನು ಬರೆದೇ ಇಲ್ಲ, ಓದುವವರಿಗೆ ಮಾತ್ರ ಅದು ಎಲ್ಲ ಸಾಲಿನಂಥದ್ದೇ ಇನ್ನೊಂದು ಸಾಲು. ಹೆಸರಿನ ಪಟ್ಟಿನಿಂದ ಗೆಲುವು, ಮುಂದಿನ ತಿಂಗಳ ಪಂದ್ಯದ ಕಾತರ, ಜಾಗ ಮುಗಿಯುತ್ತ ಬಂತು, ಮೇಲೆ, ಶುರುವಿನಲ್ಲೇ, ಒಂದು ಸಾಲು ಖಾಲಿ ಬಿಟ್ಟಿದ್ದೆ, ಆ ಸಾಲಿಗೆಂದು, ಈಗ ಅಲ್ಲಿಗೆ ಹೋಗುತ್ತೇನೆ, ಹೋದರೆ ಖಾಲಿ ಇಲ್ಲ, ಯಾವಾಗ ಬರೆದೆನೋ ತಿಳಿಯದು, ಸ್ಯಾಂಡ್‌ವಿಚ್ ಸರಿಸುವಾಗಲೋ, ಅಜುಮಾನ ಜೊತೆ ಮಾತಾಡುವಾಗಲೋ, ಬೆರಳುಗಳು ತಾವೇ ಬರೆದು ಮುಗಿಸಿವೆ, ಎಂದಿನಂತೆ ಎಡಗೈ ಮುಷ್ಟಿ ಎತ್ತಿ ಒರಿಹಾರಾ ತಮಾಕಿ ರಿಂಗಿನಲ್ಲಿ ನಿಂತರು. ಅಳಿಸು. ಅಳಿಸಬೇಕು. ನನ್ನ ಬೆರಳು ಅಳಿಸುವ ಗುಂಡಿಯ ಮೇಲೇ ಇದೆ, ಗಟ್ಟಿಮುಟ್ಟಾದ ಬೆರಳು, ಯಾವ ರೋಗವೂ ಇಲ್ಲದ ಬೆರಳು, ಸುಳ್ಳಾದ್ರೂ ಪರವಾಗಿಲ್ಲ ಚೆನ್ನಾಗಿ ಬರಿ, ಅಂದಿದ್ದಳಲ್ಲ, ಚೀಲವನ್ನು ಎಡಗೈಯಲ್ಲಿ ಹಿಡಿದಿದ್ದಳು ಅವತ್ತು, ಬಸ್ಸು ಬಂದರೂ ಬಿಡದೆ.

ಹಾಗೇ ಕಳುಹಿಸಿದೆ. ಅಜುಮಾ ತಕ್ಷಣ ಉತ್ತರ ಬರೆದ, ಬಂತು, ಸೊಗಸಾಗಿದೆ. ಸೈಕಲ್ಲುಗಳು ಹೋಗುತ್ತಿವೆ. ಚೀಲದಲ್ಲಿ ಅವಳ ಖಾಲಿ ಡಬ್ಬಿ ಇದೆ, ಎಸೆಯಲು ಮರೆತೆ. ಗಲ್ಲ ಎದೆಗೆ, ಎರಡೂ ಕೈ ನೆಲಕ್ಕೆ, ಎರಡೂ — ಹಿಡ್ಕೋ ಅಮ್ಮಾ — ಹಿಡ್ಕೊಂಡಿದೀನಲ್ಲ — ಯಾಗಿ-ಸಾನ್ ಮನೆಗೆ ಹೋಗಿ ಮುಂದಿನ ತಿಂಗಳಿಗೆ ರಟ್ಟು ತೆಗೆಯಲು ಕೂತಿರುತ್ತಾರೆ, ಇನ್ನೂ ಸಡಿಲವಾಗಿ ಸುತ್ತಬೇಕು ಎನ್ನುತ್ತಿರುತ್ತಾರೆ, ಅವಳ ಕೈಗೇ ಬೀಳುವ ಹಾಗೆ — ನೇರಳೆ ಸುರುಳಿ, ತೆರೆದ ಅಂಗೈ ನಡುವೆ, ಒಂದು ಗಳಿಗೆ ಅಲ್ಲೇ ಕೂತು, ಬೆರಳುಗಳು ಮುಚ್ಚದೆ, ಕಿರುಬೆರಳಿನ ಪಕ್ಕದಿಂದ —