ಮುಚ್ಚಿ ಎಂದು ಬರೆದಿತ್ತು

ನೀರು ಉಪ್ಪಾಗಿದೆ ಎಂದು ಮೊದಲು ಹೇಳಿದವರು ಅತ್ತೆ. ಅವರ ಮಗ, ನನ್ನ ಗಂಡ, ತೀರಿಹೋಗಿ ಮೂರು ತಿಂಗಳಾಗಿತ್ತು.

"ಏನೇ, ಈ ನೀರು ಕುಡಿದು ನೋಡು. ಒಂಥರಾ ಉಪ್ಪುಪ್ಪು."

ಕುಡಿದೆ. ಆ ದಿನಗಳಲ್ಲಿ ನನಗೆ ಊಟ, ಔಷಧಿ, ನೀರು ಎಲ್ಲವೂ ಒಂದೇ.

"ಸರಿಯಾಗೇ ಇದೆ ಅತ್ತೆ."

"ನಿನ್ನ ನಾಲಿಗೆಯನ್ನ ಕೇಳಿದೆನಲ್ಲ, ನನಗೆ ಬುದ್ಧಿಯಿಲ್ಲ."

ನಾನು ನಗರಸಭೆಯ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ರಸಾಯನಶಾಸ್ತ್ರ. ಹನ್ನೆರಡು ಬೀದಿಗಳ ನಲ್ಲಿ ನೀರು ತಿಂಗಳಿಗೊಮ್ಮೆ ಬಾಟಲಿಗಳಲ್ಲಿ ನನ್ನ ಮೇಜಿಗೆ ಬರುತ್ತದೆ. ನಮ್ಮ ಬೀದಿಯದೂ ಅದರಲ್ಲಿ ಒಂದು. ಆದರೂ ಅತ್ತೆಯ ಮಾತನ್ನು ನಾನು ನೀರಿನ ಮಾತು ಎಂದು ತೆಗೆದುಕೊಳ್ಳಲಿಲ್ಲ. ಮಗ ಸತ್ತ ತಾಯಿಗೆ ನೀರು ಉಪ್ಪಾದರೆ ಆಶ್ಚರ್ಯವೇನು ಅಂದುಕೊಂಡೆ.

ಅವನು ಅದೇ ನಗರಸಭೆಯಲ್ಲಿ ಇಂಜಿನಿಯರ್ ಆಗಿದ್ದ. ಊರಿನ ಚರಂಡಿ ನೀರನ್ನು ಶುದ್ಧಮಾಡಿ ಪಾರ್ಕುಗಳಿಗೆ, ರಸ್ತೆಬದಿಯ ಮರಗಳಿಗೆ, ಬಟ್ಟೆ ಗಿರಣಿಗೆ ಕೊಡುವ ಯೋಜನೆ ಅವನದು. ನಾಲ್ಕು ವರ್ಷ ನಮ್ಮ ಊಟದ ಮೇಜಿನ ಮೇಲೆ ತಟ್ಟೆಗಿಂತ ನಕ್ಷೆಗಳೇ ಹೆಚ್ಚು ಹೊತ್ತು ಇದ್ದವು. ಕುಡಿಯುವ ನೀರಿಗೆ ನೀಲಿ ಪೈಪು, ಮರುಬಳಕೆಯ ನೀರಿಗೆ ನೇರಳೆ ಪೈಪು. ಎರಡೂ ಒಂದೇ ರಸ್ತೆಯಡಿಯಲ್ಲಿ ಅಕ್ಕಪಕ್ಕ ಹೋಗಬೇಕು, ಎಲ್ಲೂ ಸೇರಬಾರದು. ಮೊದಲ ಸಾರ್ವಜನಿಕ ಸಭೆಯಲ್ಲಿ ಒಬ್ಬರು ಎದ್ದು, "ನಮ್ಮದನ್ನ ನಮಗೇ ಕುಡಿಸ್ತೀರೇನ್ರಿ?" ಎಂದರಂತೆ. "ನಿಮಗಲ್ಲ ಸ್ವಾಮಿ, ಹುಲ್ಲಿಗೆ," ಎಂದನಂತೆ ಇವನು. ಸಭೆ ನಕ್ಕಿತು. ಮನೆಗೆ ಬಂದು ಅದೇ ಮಾತು ಹೇಳಿ ನನ್ನ ಹತ್ತಿರವೂ ನಗು ವಸೂಲಿ ಮಾಡಿದ.

ನಕ್ಷೆಯ ಮೇಲಿನ ಸೂಚನೆಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ಆಫೀಸಿನ ಪದ್ಧತಿ. ಅವನು ಅದನ್ನು ಬಿಟ್ಟ. "ಗುಂಡಿ ತೋಡುವವನಿಗೆ ಓದೋಕೆ ಬರದಿದ್ದರೆ ಯಾರಿಗೆ ಅಂತ ಬರೀಲಿ? ಗೋಡೆಗಾ?" ಎನ್ನುತ್ತಿದ್ದ. ಪೆನ್ಸಿಲಿನಲ್ಲಿ, ದುಂಡಗೆ, ನಮ್ಮ ಮಾತಿನಲ್ಲಿ ಬರೆಯುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಲಾರಿ ಅವನ ಬೈಕಿಗೆ ಹೊಡೆಯಿತು. ಆರು ವಾರಗಳ ನಂತರ ನೇರಳೆ ಪೈಪಿಗೆ ನೀರು ಬಿಟ್ಟರು. ನನಗೂ ಆಹ್ವಾನ ಪತ್ರಿಕೆ ಬಂದಿತ್ತು. ಹೋಗಲಿಲ್ಲ.

ಎದುರುಮನೆಯ ಟೈಲರ್ ಎರಡು ಸಲ ಆಸ್ಪತ್ರೆ ಸೇರಿದ್ದು ಆಮೇಲೆ. ವಾಂತಿ, ಭೇದಿ. ಅವನ ಹೆಂಡತಿ ಬೀದಿಗೆಲ್ಲ ಕೇಳುವ ಹಾಗೆ, "ಅಂಗಡಿ ಪಕ್ಕ ಕರಿದದ್ದು ಕಂಡರೆ ಸಾಕು, ಈ ಮನುಷ್ಯನಿಗೆ ಹೊಟ್ಟೆ ಎಲ್ಲಿ ಮುಗಿಯುತ್ತೆ ಅಂತ್ಲೇ ಗೊತ್ತಿಲ್ಲ," ಎಂದು ಬೈಯುತ್ತಿದ್ದಳು. ಪಾಪ, ಅವನು ಕರಿದದ್ದು ಬಿಟ್ಟ. ಭೇದಿ ಬಿಡಲಿಲ್ಲ.

ಮತ್ತೊಂದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನ ಚೀಲದೊಳಗೆ ಒಂದು ಬಾಟಲಿ ಇಟ್ಟರು.

"ಅಡುಗೆಮನೆ ನಲ್ಲಿದು. ನಿನ್ನ ಮೆಷಿನ್ನಿಗಾದರೂ ನಾಲಿಗೆ ಇರಬೇಕು. ಅದಕ್ಕೆ ಕುಡಿಸು."

ನೀರಿನಲ್ಲಿ ಕರಗಿದ ಉಪ್ಪು ಹೆಚ್ಚಿದಷ್ಟೂ ಆ ಮೆಷಿನ್ನು ತೋರಿಸುವ ಅಂಕಿ ಹೆಚ್ಚು. ನಮ್ಮೂರಿನ ಕುಡಿಯುವ ನೀರು ಮುನ್ನೂರ ಹತ್ತರ ಆಸುಪಾಸು. ನೇರಳೆ ಪೈಪಿನದು ಸಾವಿರದ ನೂರೈವತ್ತು. ಅತ್ತೆಯ ಬಾಟಲಿ ಐನೂರ ಇಪ್ಪತ್ತು ತೋರಿಸಿತು. ಎರಡು ಸಲ ನೋಡಿದೆ. ಕಾಗದ ತೆಗೆದುಕೊಂಡು ಭಾಗಿಸಿದೆ. ನಾವು ಕುಡಿಯುವ ನಾಲ್ಕು ಲೋಟದಲ್ಲಿ ಒಂದು ಲೋಟ ಹುಲ್ಲಿನದು.

ರಿಜಿಸ್ಟರ್ ತೆಗೆದೆ. ನಮ್ಮ ಬೀದಿಯ ಸಾಲು: ಮುನ್ನೂರ ಹನ್ನೆರಡು, ಮುನ್ನೂರ ಎಂಬತ್ತು, ನಾನೂರ ಐವತ್ತು, ಐನೂರ ಹತ್ತು. ಅಕ್ಷರ ನನ್ನದೇ. ಒಂದೂ ಚಿತ್ತಿಲ್ಲ. ಯಾವ ಅಂಕಿಯೂ ಅಪಾಯದ ಗೆರೆ ದಾಟಿರಲಿಲ್ಲ, ಆದ್ದರಿಂದ ಯಾವ ಗಂಟೆಯೂ ಹೊಡೆಯಲಿಲ್ಲ. ಹಿಂದಿನ ತಿಂಗಳಿನದನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. ನಾನು ಬರೆದಿದ್ದೆ, ನೋಡಿರಲಿಲ್ಲ.

ನಮ್ಮ ಮುಖ್ಯ ಇಂಜಿನಿಯರರನ್ನು ಆಫೀಸಿನಲ್ಲಿ ಎಲ್ಲರೂ ಕರೆಯುವುದು ನಾಳೆ ಸಾಹೇಬರು ಎಂದು. ಯಾವ ಕಡತ ಕೊಟ್ಟರೂ "ನಾಳೆ ನೋಡೋಣ" ಎನ್ನುತ್ತಾರೆ. ಅವತ್ತೂ ಹಾಗೇ ಶುರುಮಾಡಿ, ಅಂಕಿ ನೋಡಿ ನಿಲ್ಲಿಸಿದರು. ನಕ್ಷೆ ತರಿಸಿದರು.

ಪೈಪಿಗಾಗಿ ತೋಡಿದ ಎಂಟನೇ ಗುಂಡಿ ನಮ್ಮ ಬೀದಿಯ ತಿರುವಿನಲ್ಲಿ. ನೇರಳೆ ಪೈಪು ಸೋರುತ್ತದೆಯೇ ಎಂದು ಪರೀಕ್ಷಿಸಲು ಅಲ್ಲಿ ನೀಲಿ ಪೈಪಿನಿಂದ ಅದಕ್ಕೆ ಸ್ವಲ್ಪ ದಿನದ ಮಟ್ಟಿಗೆ ಒಂದು ಜೋಡಣೆ ಕೊಟ್ಟಿದ್ದರು. ನಡುವೆ ಒಂದು ವಾಲ್ವ್. ನಕ್ಷೆಯಲ್ಲಿ ಅದರ ಪಕ್ಕ ಒಂದು ಬಾಣದ ಗುರುತು, ಅವನ ದುಂಡಗಿನ ಅಕ್ಷರ: "ಪರೀಕ್ಷೆ ಮುಗಿದ ಕೂಡಲೇ ಮುಚ್ಚಿ." ಕೆಳಗೆ ತಾರೀಖು. ಅದು ಗುರುವಾರ. ಅವನ ಆಯಸ್ಸು ಇನ್ನು ಐದು ದಿನವಿತ್ತು.

ಪೈಪಿನ ಕೆಲಸದ ಮೇಸ್ತ್ರಿಯನ್ನು ಕರೆಸಿದರು. ಬಿಳಿ ಮೀಸೆಯ ಮನುಷ್ಯ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದ.

"ಎಂಟನೇ ಗುಂಡಿ ಮುಚ್ಚಿದ್ಯೇನಯ್ಯ?"

"ಮುಚ್ಚಿದೆ ಸಾರ್. ಪರೀಕ್ಷೆ ಮುಗಿದ ದಿನವೇ. ಮಣ್ಣು ಹಾಕಿ, ಗುದ್ದಿ, ಮೇಲೆ ಟಾರೂ ಹಾಕಿಸಿದೆ. ಒಂದಿಷ್ಟೂ ಕುಸಿದಿಲ್ಲ, ಬೇಕಾದರೆ ನೋಡಿ."

"ವಾಲ್ವ್?"

ಮೇಸ್ತ್ರಿ ಅವರ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ವಾಲ್ವ್ ಆದರೆ ಬಂದ್ ಮಾಡು ಅಂತೀವಿ ಸಾರ್. ಗುಂಡಿ ಆದರೆ ಮುಚ್ಚು ಅಂತೀವಿ. ಇಂಜಿನಿಯರ್ ಸಾರು 'ಮುಚ್ಚಿ' ಅಂತ ಬರೆದಿದ್ದರು. ಮುಚ್ಚಿದೆ."

ನನ್ನ ಗಂಡ ಬಂದ್ ಎನ್ನುತ್ತಿರಲಿಲ್ಲ. ಒಳ್ಳೆಯ ಪದ ಇರುವಾಗ ಅದ್ಯಾಕೆ ಎನ್ನುತ್ತಿದ್ದ. ಮನೆಯಲ್ಲಿ ಬಾಗಿಲು, ಕಿಟಕಿ, ನಲ್ಲಿ ಎಲ್ಲವನ್ನೂ ಮುಚ್ಚುತ್ತಿದ್ದ.

ಮಾರನೆಯ ಬೆಳಿಗ್ಗೆ ಅಗೆದರು. ಎದೆಮಟ್ಟದ ಆಳದಲ್ಲಿ ವಾಲ್ವ್ ಸಿಕ್ಕಿತು, ಪೂರ್ತಿ ತೆರೆದೇ ಇತ್ತು. ಪಾರ್ಕಿಗೆ ನೀರು ಬಿಡುವ ಹೊತ್ತಿಗೆ ನೇರಳೆ ಪೈಪಿನ ಒತ್ತಡ ಹೆಚ್ಚಾಗಿ, ನೀರು ನೀಲಿ ಪೈಪಿಗೆ ನುಗ್ಗುತ್ತಿತ್ತು. ಮೇಸ್ತ್ರಿ ತಾನೇ ಕೆಳಗಿಳಿದು ಉದ್ದದ ಕೀಲಿ ಹಾಕಿ ತಿರುಗಿಸಿದ. ಹದಿನಾಲ್ಕು ಸುತ್ತು. ಆಮೇಲೆ ಜೋಡಣೆಯನ್ನೇ ಕತ್ತರಿಸಿ ತೆಗೆದರು. ಮೇಲೆ ಬಂದವನು ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಕೇಳಬೇಕು ಅಂತಿದ್ದೆ ಅಮ್ಮಾ. ಯಾವುದು ಮುಚ್ಚೋದು ಸಾರ್ ಅಂತ. ಸಾರು ಸೋಮವಾರ ಸೈಟಿಗೆ ಬರಲಿಲ್ಲ. ಮಂಗಳವಾರ..."

"ಗೊತ್ತು," ಎಂದೆ. ಸೋಮವಾರ ಅವನಿಗೆ ಜ್ವರ. ರಜೆ ಹಾಕು ಎಂದವಳು ನಾನು.

ಮಧ್ಯಾಹ್ನ ನಾಳೆ ಸಾಹೇಬರು ನನ್ನನ್ನು ಕೂರಿಸಿಕೊಂಡರು. ಫ್ಯಾನು ಜೋರು ಮಾಡಿದರು.

"ನೋಡಮ್ಮಾ, ಆದದ್ದು ಆಯ್ತು, ಸರಿಮಾಡಿದ್ದೂ ಆಯ್ತು. ರಿಜಿಸ್ಟರಿನ ಆ ಮೂರು ತಿಂಗಳ ಹಾಳೆ ಹೊಸದಾಗಿ ಬರೆದುಬಿಡು. ಈ ತಿಂಗಳು ಗೊತ್ತಾಯ್ತು, ಈ ತಿಂಗಳೇ ಸರಿಮಾಡಿದ್ವಿ. ವಿಚಾರಣೆ ಬರಲ್ಲ. ಬಂದರೆ ಈ ನಕ್ಷೆ ಹೊರಗೆ ಹೋಗುತ್ತೆ. ಹೋದರೆ ಯಾರ ತಲೆಗೆ ಬರುತ್ತೆ, ನಿನಗೇ ಗೊತ್ತು. ಸತ್ತವನು ಬಂದು ಉತ್ತರ ಕೊಡ್ತಾನಾ?"

"ಎರಡೂ ಪೈಪು ಬೇರೆ ಇದೆ ಅಂತ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟವರು ನೀವು ಸರ್." ಒಂದು ಪೈಪಿನ ನೀರು ನಿಲ್ಲಿಸಿ, ಇನ್ನೊಂದಕ್ಕೆ ನೀರು ಬಿಟ್ಟು, ಮೊದಲನೆಯದು ಒಣಗಿಯೇ ಇದೆಯೇ ಎಂದು ನೋಡುವ ಪರೀಕ್ಷೆ ಅದು. ಅರ್ಧ ದಿನದ ಕೆಲಸ.

"ಅದಕ್ಕೇ ಹೇಳ್ತಿರೋದು. ಎಲ್ಲರಿಗೂ ಒಳ್ಳೇದು."

"ನಮ್ಮ ಬೀದಿ ಟೈಲರ್ ತನ್ನ ಡಾಕ್ಟರಿಗೆ ಏನು ಹೇಳಬೇಕು?"

"ಅವನು ಎದ್ದು ಓಡಾಡ್ತಿದ್ದಾನಲ್ಲ! ಬಿಡು. ಮುಚ್ಚಿಬಿಡೋಣ."

"ಯಾವ ಥರ ಮುಚ್ಚೋದು ಸರ್? ಮೇಸ್ತ್ರಿದಾ, ನಮ್ಮ ಮನೆಯವರದಾ?"

ಅವರಿಗೆ ನಗು ಬರಲಿಲ್ಲ. "ಇವತ್ತೇ ಆಗಬೇಕು," ಎಂದರು. ಅವರ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಬಟ್ಟೆ ಮಡಿಸುತ್ತಿದ್ದರು. ಅವನ ಎರಡು ಅಂಗಿಗಳನ್ನು ಈಗಲೂ ವಾರಕ್ಕೊಮ್ಮೆ ಒಗೆದು ಮಡಿಸಿಡುತ್ತಾರೆ.

"ನಿಜ ಬರೆದರೆ ಅವನ ಹೆಸರು ಬರುತ್ತೆ ಅತ್ತೆ. ಬರೆಯದಿದ್ದರೆ ಈ ಬೀದಿಯವರಿಗೆ ತಾವು ಏನು ಕುಡಿದೆವು ಅಂತ ಗೊತ್ತಾಗಲ್ಲ. ಏನು ಮಾಡಲಿ?"

"ನನ್ನನ್ನ ಯಾಕೆ ಕೇಳ್ತೀಯ? ಉಪ್ಪು ಅಂದಾಗ ಕೇಳಿದ್ಯಾ?"

ಅಂಗಿಯ ತೋಳನ್ನು ಒಳಗೆ ಮಡಿಸಿದರು. ಅಷ್ಟೇ.

ನಗರಸಭೆಯ ಆಯುಕ್ತರಿಗೆ ಬರೆದ ವರದಿ ಒಂದೂವರೆ ಪುಟವಾಯಿತು. ನಾಲ್ಕು ಅಂಕಿ ಇದ್ದ ಹಾಗೇ ಬರೆದೆ. ಅವುಗಳನ್ನು ನೋಡಬೇಕಾದವಳು ನಾನು, ನೋಡಲಿಲ್ಲ ಎಂದು ಬರೆದೆ. ಸರ್ಟಿಫಿಕೇಟಿನ ಪ್ರತಿ ಇಟ್ಟೆ. ನಕ್ಷೆಯ ಪ್ರತಿಯನ್ನೂ ಇಟ್ಟೆ. ಜೆರಾಕ್ಸಿನಲ್ಲಿ ಅವನ ಪೆನ್ಸಿಲ್ ಗೆರೆ ಮಸುಕಾಗಿ ಬಂದಿತ್ತು. ಇನ್ನೊಮ್ಮೆ, ಕಪ್ಪಾಗಿ ತೆಗೆಸಿದೆ.

ವಿಷಯ ಗೊತ್ತಾದ ಮೇಲೆ ಬೀದಿಗೆ ಬೀದಿಯೇ ನಮ್ಮ ಬಾಗಿಲಿಗೆ ಬರುತ್ತದೆ ಅಂದುಕೊಂಡಿದ್ದೆ. ಬಂದವನು ಟೈಲರ್ ಒಬ್ಬನೇ.

"ಹೋಗಲಿ ಬಿಡಮ್ಮಾ, ಹೊಟ್ಟೆಬಾಕ ಅನ್ನೋ ಹೆಸರಾದರೂ ಹೋಯ್ತು," ಎಂದ. ಅವನ ಹೆಂಡತಿ ಮಾತ್ರ ಆಚೆ ಮನೆಯ ಮೆಟ್ಟಿಲಲ್ಲೇ ನಿಂತು ನನ್ನನ್ನು ನೋಡಿದಳು.

ವಿಚಾರಣೆ ಎರಡು ತಿಂಗಳು ನಡೆಯಿತು. ಕೆಲಸದ ಒತ್ತಡದಲ್ಲಿ ಮುಖ್ಯ ಇಂಜಿನಿಯರರಿಂದ ಒಂದು ಪರೀಕ್ಷೆ ಉಳಿದುಹೋಗಿರಬಹುದು ಎಂದಿತು; ಅವರು ಇದಕ್ಕಿಂತ ದೊಡ್ಡ ಊರಿಗೆ ವರ್ಗವಾಗಿ ಹೋದರು. ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ನನಗೆ ಎಚ್ಚರಿಕೆಯ ಪತ್ರ ಬಂತು. ಮುಖ್ಯ ಕಾರಣ, ದಿವಂಗತ ಇಂಜಿನಿಯರರ ಅಸ್ಪಷ್ಟ ಸೂಚನೆ. ಜೊತೆಗೊಂದು ಸುತ್ತೋಲೆ: ಇನ್ನು ಮುಂದೆ ನಕ್ಷೆಗಳ ಮೇಲಿನ ಎಲ್ಲ ಸೂಚನೆಗಳೂ ಇಂಗ್ಲಿಷಿನಲ್ಲೇ ಇರತಕ್ಕದ್ದು. ಅದನ್ನು ಓದಿದೆನೆಂದು ರುಜು ಹಾಕಿದೆ.

ಪತ್ರಿಕೆಯಲ್ಲಿ ಅವನ ಹೆಸರು ಬಂತು. ಮುಂದೆ "ದಿ." ಎಂದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಆ ಎರಡು ಅಂಗಿಗಳ ಕೆಳಗೆ ಇಟ್ಟರು. ಆಮೇಲೆ ಒಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಲ್ಲಿಯಿಂದ ಒಂದು ಲೋಟ ನೀರು ಹಿಡಿದರು. ನಿಂತೇ ಅರ್ಧ ಕುಡಿದರು. ಬಾಯಲ್ಲಿ ಆಡಿಸಿ ನೋಡಿದರು.

"ಹೇಗಿದೆ ಅತ್ತೆ?" ಕೇಳಿದೆ.

"ನನ್ನ ಮಗನ ಹೆಸರು ಹಾಕಿ ತೊಳೆದ ನೀರು. ಚೊಕ್ಕಟವಾಗಿರದೆ ಏನು?"

ಉಳಿದ ಅರ್ಧ ಲೋಟವನ್ನು ಕಟ್ಟೆಯ ಮೇಲೆ ನನ್ನ ಕಡೆಗೆ ತಳ್ಳಿದರು.

ಕುಡಿದೆ.